ಪ್ಲೈವುಡ್ ಚೌಕದ ಬೆಳ್ಳಿ ಮನುಷ್ಯ

ಯಶವಂತನಿಗೆ ತನ್ನ ಬಗ್ಗೆ ಹೆಚ್ಚಿನ ಭ್ರಮೆಗಳೇನೂ ಇರಲಿಲ್ಲ. ಇದ್ದ ಚೂರುಪಾರನ್ನೂ ದ್ವಾರಕಾನಾಥರ ಕಂಪನಿಗೆ ಸೇರಿದ ಹೊಸದರಲ್ಲೇ ಕಳೆದುಕೊಂಡಿದ್ದ. ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಇನ್ವರ್ಟರ್, ಯುಪಿಎಸ್, ಬ್ಯಾಟರಿ ಮಾರುವ ಆ ಕಂಪನಿಯಲ್ಲಿ ಅವನ ಹುದ್ದೆಯ ಹೆಸರು 'ರೀಜನಲ್ ಸಪೋರ್ಟ್ ಎಕ್ಸಿಕ್ಯುಟಿವ್'. ಮಂಡ್ಯದಲ್ಲಿದ್ದ ಅಕ್ಕ ಫೋನಿನಲ್ಲಿ ಅದನ್ನು ಕೇಳಿ, 'ಅಯ್ಯೋ, ಹಂಗಾದ್ರೆ ಅರ್ಧ ಆಫ್ರಿಕಾನೇ ನಿನ್ನ ಕೈಲಿದೆ ಅನ್ನು' ಎಂದಿದ್ದಳು. ಕೈಯಲ್ಲಿ ಇರುತ್ತಿದ್ದದ್ದು ಸಾಮಾನ್ಯವಾಗಿ ದ್ವಾರಕಾನಾಥರ ಹೆಂಡತಿ ಲೀಲಾ ಮೇಡಂ ಅವರ ತರಕಾರಿ ಚೀಲ. ಸಪೋರ್ಟ್ ಎಂದರೆ ಗಿರಾಕಿಯ ಬ್ಯಾಟರಿಗೆ ನೀರು ತುಂಬುವುದು, ದ್ವಾರಕಾನಾಥರ ಕಾರು ಸರ್ವಿಸ್‌ಗೆ ಬಿಡುವುದು, ಅವರ ಮಗಳು ಶ್ರದ್ಧಾ ಮರೆತುಹೋದ ಟೆನಿಸ್ ಬ್ಯಾಟನ್ನು ಶಾಲೆಗೆ ಮುಟ್ಟಿಸುವುದು. ಸಂಜೆ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿ, ಯಾರದೋ ಮೊಣಕೈಯನ್ನು ಪಕ್ಕೆಲುಬಿನಲ್ಲಿ ಸಿಕ್ಕಿಸಿಕೊಂಡು, ಸೌತ್ ಸಿ ಬಡಾವಣೆಯ ತನ್ನ ಒಂಟಿ ರೂಮಿಗೆ ಬಂದರೆ ಆ ದಿನದ ರೀಜನ್ ಮುಗಿಯಿತು.

ಯಾರಾದರೂ ನಗುವ ಮೊದಲು ತಾನೇ ನಕ್ಕುಬಿಡಬೇಕು ಎಂಬುದು ಅವನು ಈ ಊರಿನಲ್ಲಿ ಕಲಿತ ವಿದ್ಯೆ. ಹಾಗೆ ಮಾಡಿದರೆ ಎದುರಿನವರ ನಗುವಿಗೆ ಹಲ್ಲು ಇರುವುದಿಲ್ಲ. ತನ್ನ ಹುದ್ದೆ, ತನ್ನ ಬಡಕಲು ಉದ್ದನೆಯ ದೇಹ, ಎಡಗೈಯ ವಕ್ರ ಕಿರುಬೆರಳು, ಎಲ್ಲವನ್ನೂ ಅವನು ಮುಂಚಿತವಾಗಿಯೇ ನಗೆಗೆ ಒಪ್ಪಿಸಿಬಿಟ್ಟಿದ್ದ. ಆ ಕಿರುಬೆರಳು ಹೈಸ್ಕೂಲಿನಲ್ಲಿ ಮುರಿದು, ಯಾರೋ ನಾಟಿ ಕಟ್ಟು ಕಟ್ಟಿ, ಉಳಿದ ನಾಲ್ಕು ಬೆರಳುಗಳ ಜೊತೆ ಮಾತು ಬಿಟ್ಟಂತೆ ಹೊರಗೆ ಸೆಟೆದು ನಿಂತಿತ್ತು. ಮುಷ್ಟಿ ಕಟ್ಟಿದರೂ ಒಳಗೆ ಬರುತ್ತಿರಲಿಲ್ಲ.

ಅದೇ ಬೆರಳಿನಿಂದ ಅವನ ಜೀವನದಲ್ಲಿ ಒಂದು ಒಳ್ಳೆಯದೂ ಆಯಿತು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಅವನು ಒಂದು ಭಾವಗೀತೆ ಹಾಡಲು ಹೋಗಿ, ಎರಡನೇ ಚರಣ ಮರೆತು, ಮೊದಲನೆಯದನ್ನೇ ತಿರುಗಿಸಿ ತಿರುಗಿಸಿ ಹಾಡಿ ಇಳಿದುಬಂದ. ನಿರೂಪಣೆ ಮಾಡುತ್ತಿದ್ದ ಹುಡುಗಿ ಮೈಕ್ ಹಿಡಿದು, 'ಯಶವಂತ್ ಅವರು ಮೊದಲ ಚರಣಕ್ಕೆ ಸಂಪೂರ್ಣ ನ್ಯಾಯ ಒದಗಿಸಿದ್ದಾರೆ' ಎಂದಳು. ಊಟದ ಹೊತ್ತಿನಲ್ಲಿ ಅವಳೇ ತಟ್ಟೆ ಹಿಡಿದು ಎದುರಿಗೆ ಬಂದು ನಿಂತಳು.

'ಆ ಬೆರಳು ಯಾಕೆ ಜಗಳ ಆಡ್ಕೊಂಡಿರೋ ಥರ ನಿಂತಿದೆ?'

'ಕ್ಯಾಚ್ ಹಿಡಿಯೋಕೆ ಹೋಗಿದ್ದು.'

'ಹಿಡಿದ್ರಾ?'

'ಇಲ್ಲ. ಬೌಂಡರಿ ಹೋಯ್ತು.'

'ಪರವಾಗಿಲ್ಲ, ನಿಜಾನಾದ್ರೂ ಹೇಳ್ತೀರಲ್ಲ' ಎಂದು ಅವಳು ನಕ್ಕಳು. ಆ ನಗುವಿಗೂ ಹಲ್ಲಿತ್ತು, ಆದರೆ ಕಚ್ಚಲಿಲ್ಲ. ಅವಳ ಹೆಸರು ವರ್ಷಿಣಿ. ತಂದೆ ವಿಶ್ವನಾಥ, ಮೈಸೂರಿನವರು, ಬ್ಯಾಂಕಿನ ಪೋಸ್ಟಿಂಗ್ ಮೇಲೆ ಬಂದವರು. ಅಂದಿನಿಂದ ಯಶವಂತ ಮಟಾಟುವಿನಲ್ಲಿ ನಿಂತಾಗಲೂ ಆ ಬೆರಳನ್ನು ಸ್ವಲ್ಪ ಗೌರವದಿಂದಲೇ ನೋಡತೊಡಗಿದ.

ವಿಷಯ ಲೀಲಾ ಮೇಡಂ ಕಿವಿಗೆ ಬಿತ್ತು. ಮದುವೆ ಕುದುರಿಸುವುದೆಂದರೆ ಅವರಿಗೆ ಎಲ್ಲಿಲ್ಲದ ಹುರುಪು. ನೈರೋಬಿಯ ಕನ್ನಡಿಗರಲ್ಲಿ ಹುಡುಗನನ್ನು ನೋಡುವುದಕ್ಕೆ ಈಗ ಉಪ್ಪಿಟ್ಟು ಕೇಸರಿಬಾತಿನ ಶಾಸ್ತ್ರವಿಲ್ಲ. ಮೂರನೆಯವರ ಮನೆಯ ಯಾವುದೋ ಸಮಾರಂಭಕ್ಕೆ ಎರಡೂ ಕಡೆಯವರು ಬರುತ್ತಾರೆ. ಮನೆಯೊಡತಿ ಆಕಸ್ಮಿಕವೆಂಬಂತೆ ಪರಿಚಯ ಮಾಡಿಸುತ್ತಾಳೆ. ಹುಡುಗ ಜ್ಯೂಸ್ ತಂದುಕೊಡುತ್ತಾನೆ. ಹುಡುಗಿಯ ತಂದೆ ಹವಾಮಾನ ಕೇಳುತ್ತಾನೆ. ಬೇಡವೆನಿಸಿದರೆ ಬೇಡವೆಂದು ಹೇಳುವ ಕಷ್ಟವೂ ಇಲ್ಲ, ಏಕೆಂದರೆ ಯಾರೂ ಯಾರನ್ನೂ ನೋಡಲು ಬಂದೇ ಇರುವುದಿಲ್ಲ. ಆದರೆ ಒಂದು ಕಟ್ಟುಪಾಡು: ಪರಿಚಯ ಮಾಡಿಸಬೇಕಾದವಳು ಮನೆಯೊಡತಿಯೇ. ಹುಡುಗ ತಾನಾಗಿ ಮುನ್ನುಗ್ಗಿದರೆ ಅವನನ್ನು ಬೆಳೆಸಿದವರನ್ನು ಆಡಿಕೊಳ್ಳುತ್ತಾರೆ.

'ನಮ್ಮ ಮದುವೆ ಸಿಲ್ವರ್ ಜುಬಿಲಿ ಪಾರ್ಟಿಗೆ ಅವರನ್ನ ಕರೀತೀನಿ ಕಣೋ' ಎಂದರು ಲೀಲಾ ಮೇಡಂ. 'ಅವತ್ತೇ ನಿಂದು ಫೈನಲ್. ಅವರ ಕೈಲಿ ಬೆಂಗಳೂರಿಂದು ಇನ್ನೊಂದು ಸಂಬಂಧ ಇದೆಯಂತೆ. ಅವತ್ತು ಮುಖ ನೋಡಿ ಇಷ್ಟ ಆಗ್ಲಿಲ್ಲಾಂದ್ರೆ ಆ ಕಡೆಗೆ ಎಸ್ ಅಂದ್ಬಿಡ್ತಾರೆ. ಮುಖಾನ ನೀಟಾಗಿ ಇಟ್ಕೊಂಡು ಬಾ.'

ಮುಖವನ್ನು ನೀಟಾಗಿ ಇಟ್ಟುಕೊಳ್ಳುವುದಕ್ಕೆಂದು ಅವನು ಹೊಸ ಬ್ಲೇಡು ಕೊಂಡ. ಮೊಲದ ಬಿಳುಪಿನ ಜುಬ್ಬಾವನ್ನು ಇಸ್ತ್ರಿ ಮಾಡಿಸಿದ.

ಆ ಪಾರ್ಟಿಯ ಬಗ್ಗೆ ಹೇಳಬೇಕೆಂದರೆ ಮೊದಲು ಬ್ರೂಜ್ ಬಗ್ಗೆ ಹೇಳಬೇಕು. ಲೀಲಾ ಮೇಡಂ ಹಿಂದಿನ ಬೇಸಿಗೆಯಲ್ಲಿ ಬೆಲ್ಜಿಯಂ ದೇಶದ ಆ ಹಳೆಯ ಪಟ್ಟಣಕ್ಕೆ ಟೂರ್ ಬಸ್ಸಿನಲ್ಲಿ ಹೋಗಿ, ಅದರ ಮುಖ್ಯ ಚೌಕದಲ್ಲಿ ಒಂದು ಮಧ್ಯಾಹ್ನ ಕಳೆದು ಬಂದಿದ್ದರು. ಅಂದಿನಿಂದ ಅವರ ಬಾಯಲ್ಲಿ ಬೇರೆ ಊರು ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಬ್ರೂಜ್ ನೆನಪಾಗುತ್ತಿತ್ತು. ಸುತ್ತಲೂ ಮೆಟ್ಟಿಲು ಮೆಟ್ಟಿಲಾದ ನೆತ್ತಿಯ ಇಟ್ಟಿಗೆ ಮನೆಗಳು, ಒಂದು ಕೆಂಪು, ಒಂದು ಹಳದಿ. ಒಂದು ಬದಿಗೆ ಮೋಡಕ್ಕೆ ಮುಟ್ಟುವ ಗಂಟೆಗೋಪುರ. ಕಲ್ಲುಹಾಸಿನ ಮೇಲೆ ಟಕಟಕ ಕುದುರೆಗಾಡಿ. ನಡುವೆ ಎತ್ತರದ ಪೀಠದ ಮೇಲೆ ಇಬ್ಬರು ವೀರರ ಪ್ರತಿಮೆ. ಒಬ್ಬ ಕಟುಕ, ಒಬ್ಬ ನೇಕಾರ; ಇಬ್ಬರೂ ಸೇರಿ ರಾಜನ ವಿರುದ್ಧ ದಂಗೆ ಎದ್ದಿದ್ದರಂತೆ. ಆ ಪ್ರತಿಮೆಯ ಕೆಳಗೆ ಇನ್ನೊಂದು ಪ್ರತಿಮೆ: ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡ ಜೀವಂತ ಮನುಷ್ಯ. ನಾಣ್ಯ ಹಾಕಿದರೆ ಹ್ಯಾಟು ತೆಗೆದು ಸೊಂಟ ಬಗ್ಗಿಸಿ ನಮಿಸಿ, ಮತ್ತೆ ಕಲ್ಲಾಗುತ್ತಿದ್ದನಂತೆ.

'ದಟ್ ಸ್ಕ್ವೇರ್ ಚೇಂಜ್ಡ್ ಮಿ' ಎನ್ನುತ್ತಿದ್ದರು ಮೇಡಂ. ಬದಲಾದದ್ದು ಏನೆಂದು ಯಶವಂತನಿಗೆ ತಿಳಿಯಲಿಲ್ಲ. ತರಕಾರಿ ಚೀಲ ಹಾಗೆಯೇ ಇತ್ತು.

ಆ ಚೌಕವನ್ನು ಸ್ಪ್ರಿಂಗ್ ವ್ಯಾಲಿಯ ತಮ್ಮ ಬಂಗಲೆಯ ಹುಲ್ಲುಹಾಸಿನ ಮೇಲೆ ಎಬ್ಬಿಸಬೇಕೆಂದು ತೀರ್ಮಾನವಾಯಿತು. ಒಟಿಯೆನೊ ಎಂಬ ಬಡಗಿ ತನ್ನ ಕಡೆಯವರನ್ನು ಕರೆತಂದು ಪ್ಲೈವುಡ್ಡಿನಲ್ಲಿ ಮನೆಗಳ ಸಾಲನ್ನು ಕೊಯ್ದು ನಿಲ್ಲಿಸಿದ. ಕೆಂಪು ಮನೆಯೊಳಗೆ ಪಾನಿಪುರಿ, ಹಳದಿ ಮನೆಯೊಳಗೆ ಮಸಾಲೆದೋಸೆ, ಮೂಲೆಯ ಮನೆಯಲ್ಲಿ ಖಾರ ಹಚ್ಚಿದ ಮರಗೆಣಸಿನ ಚಿಪ್ಸ್. ಗಂಟೆಗೋಪುರಕ್ಕೆ ಆಫೀಸಿನ ಗೋಡೆ ಗಡಿಯಾರವನ್ನೇ ಸಿಕ್ಕಿಸಿದರು. ಕಂಪನಿಯ ಹೆಸರು ಕಾಣದಂತೆ ಯಶವಂತನೇ ಏಣಿ ಹತ್ತಿ ಟೇಪು ಅಂಟಿಸಿದ. ನಡುವೆ ಖಾಲಿ ಡ್ರಮ್ಮನ್ನು ಬೋರಲು ಹಾಕಿ ಬಟ್ಟೆ ಸುತ್ತಿ ಪೀಠ ಮಾಡಿದರು. ಇಬ್ಬರು ವೀರರ ಬದಲು ಒಬ್ಬ ಬೆಳ್ಳಿ ಮನುಷ್ಯ ಸಾಕು ಎಂದು ಮೇಡಂ ಮಿತವ್ಯಯ ಮಾಡಿದರು. ಅದಕ್ಕಾಗಿ ಮುಸ್ಯೋಕ ಎಂಬ ಮೂಕಾಭಿನಯದ ಕಲಾವಿದ ಗೊತ್ತಾಗಿದ್ದ.

ಭಾನುವಾರ ಮಧ್ಯಾಹ್ನ ಮುಸ್ಯೋಕ ಬಂದ, ಡ್ರಮ್ಮನ್ನು ತಟ್ಟಿ ನೋಡಿದ, ನಡುನಡುವೆ ಎಷ್ಟು ಹೊತ್ತಿಗೊಮ್ಮೆ ಇಳಿಯಬಹುದು ಎಂದು ಕೇಳಿದ. ಪಾರ್ಟಿ ಮುಗಿಯುವವರೆಗೆ ಇಳಿಯುವಂತಿಲ್ಲ ಎಂದರು ಮೇಡಂ. ಅವನು ತನ್ನ ಚೀಲವನ್ನು ಹೆಗಲಿಗೇರಿಸಿದ. 'ಅಮ್ಮಾ, ನಾನು ಪ್ರತಿಮೆಯ ಪಾತ್ರ ಮಾಡುವವನು, ಪ್ರತಿಮೆ ಅಲ್ಲ' ಎಂದು ಸ್ವಾಹಿಲಿಯಲ್ಲಿ ಮೆಲ್ಲಗೆ ಹೇಳಿ, ಕಾವಲುಗಾರನಿಗೆ ಕೈಬೀಸಿ, ಗೇಟು ದಾಟಿ ಹೋಗಿಯೇಬಿಟ್ಟ. ಮೆರವಣಿಗೆಯಿಲ್ಲ, ಜಗಳವಿಲ್ಲ. ಯಶವಂತ ಬಲೂನಿಗೆ ಗಾಳಿ ತುಂಬುತ್ತಾ ಅದನ್ನು ನೋಡುತ್ತಿದ್ದ. ಎಷ್ಟು ಸುಲಭವಾಗಿ ಹೋದನಲ್ಲ ಎನ್ನಿಸಿತು.

ಮೇಡಂ ತಿರುಗಿದರು. ಅವರ ಕಣ್ಣು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆಯಿತು.

'ಯಶು, ನೀನು ಉದ್ದ ಇದೀಯ. ತೆಳ್ಳಗಿದೀಯ. ಮಾತೂ ಕಮ್ಮಿ. ದೇವರು ಇದಕ್ಕೇ ಅಂತ ಮಾಡಿ ಕಳಿಸಿದ ಹಾಗಿದೆ ಕಣೋ.'

'ಮೇಡಂ, ಇವತ್ತು ವಿಶ್ವನಾಥ್ ಸರ್ ಬರ್ತಾರಲ್ಲ...'

'ಅವರು ಬರೋದು ಲೇಟು. ಕೇಕ್ ಕಟ್ ಆದ ತಕ್ಷಣ ಇಳಿ, ಹತ್ ನಿಮಿಷದಲ್ಲಿ ಸ್ನಾನ ಮಾಡು, ಜುಬ್ಬಾ ಹಾಕ್ಕೊಂಡು ರಾಜಕುಮಾರನ ಥರ ಬಾ. ನಾನೇ ಕೈ ಹಿಡಿದು ಇಂಟ್ರೊಡ್ಯೂಸ್ ಮಾಡ್ತೀನಿ. ಇಷ್ಟೂ ಮಾಡಲ್ವಾ ನನಗೋಸ್ಕರ?'

ಯಶವಂತ ಬಾಯಿ ತೆರೆಯುವಷ್ಟರಲ್ಲಿ ದ್ವಾರಕಾನಾಥರು ಹುಲ್ಲಿನ ಕಡೆ ನೋಡುತ್ತಾ, ಹುಲ್ಲಿಗೇ ಹೇಳಿದಂತೆ ಹೇಳಿದರು: 'ನಿನ್ನ ವರ್ಕ್ ಪರ್ಮಿಟ್ ರಿನ್ಯೂವಲ್ ನನ್ನ ಟೇಬಲ್ ಮೇಲೇ ಇದೆ. ಸೋಮವಾರ ಕೂತು ನೋಡೋಣ.'

ಅವರು ಬೆದರಿಸಲಿಲ್ಲ. ಎಂದೂ ಬೆದರಿಸುವವರಲ್ಲ. ಫೈಲು ಎಲ್ಲಿದೆ ಎಂದು ತಿಳಿಸಿದರು, ಅಷ್ಟೇ.

ಬಣ್ಣ ಬಳಿಯುವ ಕೆಲಸ ಪೆಟ್ರೊನಿಲ್ಲಾ ಬಾಯಿಯವರದು. ಮಂಗಳೂರಿನ ಕಡೆಯ ಈ ಹೆಂಗಸು ನೈರೋಬಿಯ ಅರ್ಧದಷ್ಟು ಮದುಮಗಳಂದಿರಿಗೆ ಮೇಕಪ್ ಮಾಡಿದವರು. ಅತಿಥಿಗಳ ಕೋಣೆಯಲ್ಲಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಬಟ್ಟಲಿನಲ್ಲಿ ಬೆಳ್ಳಿ ಪುಡಿ ಕಲಸುತ್ತಾ ಗೊಣಗಿದರು.

'ಎಂತ ಮಾರಾಯ, ನಿಂಗೆ ಬೇರೆ ಕೆಲ್ಸ ಇಲ್ವಾ?'

'ಇದೇ ಕೆಲಸ.'

'ಕಣ್ಣು ಮುಚ್ಚು. ಅಲ್ಲಾಡ್ಬೇಡ.'

'ಬೇಗ ಹೋಗುತ್ತಾ ಇದು? ಇವತ್ತು ಹುಡುಗಿ ಕಡೆಯವರು ನೋಡೋಕೆ ಬರ್ತಿದಾರೆ.'

ಬ್ರಷ್ಷು ಅವನ ಗಲ್ಲದ ಮೇಲೆ ನಿಂತಿತು. 'ನಿನ್ನನ್ನಾ? ಹೀಗೆಯಾ? ಇದನ್ನು ನೋಡಿದ್ರೆ ಅವರು ಮ್ಯೂಸಿಯಮಿಗೆ ಕೊಟ್ಟಾರು, ಹುಡುಗಿ ಕೊಡ್ಲಿಕ್ಕಿಲ್ಲ.'

'ಹತ್ತು ನಿಮಿಷದಲ್ಲಿ ಸ್ನಾನ ಅಂದ್ರು ಮೇಡಂ.'

'ಮೇಡಂ ಇದನ್ನು ಹಚ್ಚಿಕೊಂಡದ್ದುಂಟಾ? ನೀರಿಗೆ ಹೋಗುದಿಲ್ಲ ಇದು. ಎಣ್ಣೆ ಹಾಕಿ ತಿಕ್ಕಬೇಕು, ಚರ್ಮದೊಟ್ಟಿಗೆ ಬರ್ತದೆ.' ಆಮೇಲೆ, ದನಿ ತಗ್ಗಿಸಿ, 'ಬೇಡ ಹೇಳು ಮಗಾ. ಎದ್ದು ಹೋಗು' ಎಂದರು.

ಯಶವಂತ ನಕ್ಕ. ಬಣ್ಣ ಗಲ್ಲದಲ್ಲಿ ಬಿರುಕು ಬಿಟ್ಟಿತು. ಪೆಟ್ರೊನಿಲ್ಲಾ ಬಾಯಿ ಶಪಿಸುತ್ತಾ ಇನ್ನೊಂದು ಪದರ ಬಳಿದರು.

ಹೀಗೆ ಅವನು ಚೌಕದ ನಡುವೆ ನಿಂತ. ಮೈಮೇಲೆ ಬೆಳ್ಳಿ ಬಳಿದ ಉದ್ದನೆಯ ಕೋಟು, ತಲೆಗೆ ಹ್ಯಾಟು, ಎಡಗೈಯಲ್ಲಿ ಈಟಿಯಂತೆ ಹಿಡಿದ ಪರದೆಯ ಸರಳು, ಬಲಗೈ ಬೇಡುವವನಂತೆ ಮುಂದಕ್ಕೆ ಚಾಚಿ. ಕಾಲ ಬಳಿ ತಾಮ್ರದ ತಟ್ಟೆ. ಸರಳಿನ ಸುತ್ತ ನಾಲ್ಕು ಬೆರಳು ಬಿಗಿದಿದ್ದವು. ಐದನೆಯದು ಎಂದಿನಂತೆ ತನ್ನ ಪಾಡಿಗೆ ಹೊರಗೆ ನಿಂತಿತ್ತು. ದಂಗೆಕೋರರ ಪೀಠದ ಮೇಲೆ ಸಪೋರ್ಟ್ ಎಕ್ಸಿಕ್ಯುಟಿವ್ ಎಂದುಕೊಂಡು ಒಳಗೊಳಗೇ ನಕ್ಕ. ಫೆಬ್ರವರಿ ಬಿಸಿಲು ಕೋಟಿನೊಳಗೆ ಇಳಿದು ಬೆನ್ನಿನ ಮೇಲೆ ಹರಿಯಿತು.

ಅತಿಥಿಗಳು ತುಂಬಿದರು. ಲೀಲಾ ಮೇಡಂ ಮೈಕ್ ಹಿಡಿದರು. ಸ್ವಾಗತ, ಬ್ರೂಜ್, ಗಂಟೆಗೋಪುರ ಎಲ್ಲ ಆಗಿ, ಚಪ್ಪಾಳೆಯ ಬಿಸಿಯಲ್ಲಿ ಅವರಿಗೆ ಇನ್ನೂ ಏನೋ ಬೇಕೆನಿಸಿತು.

'ಮತ್ತೆ ಈ ಸಿಲ್ವರ್ ಮ್ಯಾನ್! ಇವರನ್ನ ನಾವು ಅಲ್ಲಿಂದಾನೇ, ಆ ಸ್ಕ್ವೇರ್ ಇಂದಾನೇ ಫ್ಲೈಟಲ್ಲಿ ಕರೆಸಿದೀವಿ. ಪಾಪ, ಕನ್ನಡ ಬರಲ್ಲ, ಇಂಗ್ಲಿಷೂ ಬರಲ್ಲ. ಅವರ ಮುಂದೆ ಏನ್ ಬೇಕಾದ್ರೂ ಮಾತಾಡಿ!'

ಎಲ್ಲರೂ ನಕ್ಕರು. ದ್ವಾರಕಾನಾಥರು ಹೆಂಡತಿಯತ್ತ ಒಮ್ಮೆ, ಪ್ರತಿಮೆಯತ್ತ ಒಮ್ಮೆ ನೋಡಿದರು. ಪ್ರತಿಮೆಗೆ ಆಗ ಅರ್ಥವಾಯಿತು: ತಾನು ಇನ್ನು ಎಲ್ಲರ ಎದುರು ಇಲ್ಲಿಂದ ಇಳಿಯುವಂತಿಲ್ಲ. ಬೆಲ್ಜಿಯಂನಿಂದ ಬಂದವನು ಬಾಯಿಬಿಟ್ಟು ಮಂಡ್ಯದ ಕನ್ನಡ ಆಡಿದರೆ ಮೇಡಂ ಅವರ ಬೆಳ್ಳಿಹಬ್ಬದ ಮಾನ ಹೋಗುತ್ತದೆ; ಮಾನ ಹೋದ ಮರುದಿನವೇ ಸೋಮವಾರ.

ಜನ ಸುತ್ತುವರಿದರು. ಸಂಘದ ಕಾರ್ಯದರ್ಶಿ ಅನಂತ್ ತನ್ನ ಎಂಜಲು ತಟ್ಟೆಯನ್ನು ಆ ಚಾಚಿದ ಕೈಯ ಮೇಲಿಟ್ಟು, 'ಸ್ವಲ್ಪ ಹಿಡ್ಕೊಳ್ಳಿ ದೊರೆ, ಫೋನ್ ಬಂತು' ಎಂದ. ಸುತ್ತಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಒಬ್ಬ ಹೆಂಗಸು ಸರಳಿಗೆ ವ್ಯಾನಿಟಿ ಬ್ಯಾಗು ನೇತುಹಾಕಿದಳು. 'ಇವನನ್ನ ನೋಡಿದ್ರೆ ದ್ವಾರಕಾನಾಥ್ ಆಫೀಸಿನ ಆ ಯಶವಂತ ನೆನಪಾಗ್ತಾನಲ್ರೀ' ಎಂದ ಅನಂತ್, ಫೋನು ಮುಗಿಸಿ ತಟ್ಟೆ ವಾಪಸು ತೆಗೆದುಕೊಳ್ಳುತ್ತಾ, 'ಅವನೂ ಹಿಂಗೇ ನಿಂತಿರ್ತಾನೆ. ಇವನ ಬಟ್ಟೆ ಚೆನ್ನಾಗಿದೆ, ಅಷ್ಟೇ ವ್ಯತ್ಯಾಸ.' ಒಳ್ಳೆಯ ಹಾಸ್ಯವೇ. ಎದುರಿಗೆ ಹೇಳಿದ್ದರೆ ಯಶವಂತನೇ ಮೊದಲು ನಗುತ್ತಿದ್ದ. ಈಗ ನಗುವುದಕ್ಕೂ ಅಪ್ಪಣೆಯಿರಲಿಲ್ಲ. ಆ ಮಾತು ನೇರವಾಗಿ ಒಳಗೆ ಹೋಯಿತು.

ಶ್ರದ್ಧಾ ಮತ್ತು ಅವಳ ಗೆಳತಿಯರು ಒಂದು ಹಿಡಿ ನಾಣ್ಯ ತಂದರು. ಅವನು ಯಾರೆಂದು ಅವಳಿಗೆ ಗೊತ್ತು. ಟಣ್. ಅವನು ಹ್ಯಾಟು ತೆಗೆದು, ಸೊಂಟ ಬಗ್ಗಿಸಿ, ಮೇಲೆದ್ದ. ಟಣ್. ಮತ್ತೆ. ಇನ್ನೂ ಮೇಲೇಳುವಷ್ಟರಲ್ಲಿ ಇನ್ನೊಂದು ಟಣ್. 'ಫಾಸ್ಟರ್, ಫಾಸ್ಟರ್!' ಎಂದು ಅವರು ಕೇಕೆ ಹಾಕಿದರು. ಬೆನ್ನಿನ ಕೆಳಗೆ ಯಾವುದೋ ನರ ಹಿಡಿದುಕೊಂಡಿತು. ಸಾಕಾದ ಮೇಲೆ ಒಬ್ಬಳು ಸಮೋಸ ತಂದು ಅವನ ಅಂಗೈಯಲ್ಲಿಟ್ಟು ಫೋಟೋಗೆ ನಿಂತಳು.

ನೈರೋಬಿಯಲ್ಲಿ ಬಯಲಿನಲ್ಲಿ ಸಮೋಸ ಹಿಡಿದು ನಿಲ್ಲಬಾರದು. ಗೋಪುರದ ಹಿಂದಿನಿಂದ ಒಂದು ಹದ್ದು ಜಾರಿ ಬಂತು. ರೆಕ್ಕೆಯ ಗಾಳಿ ಮುಖಕ್ಕೆ ಬಡಿಯಿತು. ಸಮೋಸ ಹೋಯಿತು, ಜೊತೆಗೆ ಅಂಗೈಯ ಒಂದಿಷ್ಟು ಚರ್ಮ. ಹುಡುಗಿಯರು ಚೀರಿದರು. ಯಶವಂತ ಅಲುಗಲಿಲ್ಲ. ಯಾಕೆ ಅಲುಗಲಿಲ್ಲವೆಂದು ಅವನಿಗೇ ತಿಳಿಯಲಿಲ್ಲ. ಬಹುಶಃ ಅಷ್ಟರಲ್ಲಿ ಕೆಲಸ ಅವನಿಗೆ ಒಗ್ಗಿಬಿಟ್ಟಿತ್ತು. ಇಡೀ ಚೌಕ ಚಪ್ಪಾಳೆ ತಟ್ಟಿತು.

'ನೋಡಿದ್ರಾ ಟ್ರೈನಿಂಗ್!' ಎಂದರು ಲೀಲಾ ಮೇಡಂ ಹೆಮ್ಮೆಯಿಂದ. 'ನಮ್ಮವರಾಗಿದ್ರೆ ಇಷ್ಟೊತ್ತಿಗೆ ಬೊಬ್ಬೆ ಹೊಡೀತಿದ್ರು.'

'ಮಮ್ಮಿ, ಹೀ ಈಸ್ ಬ್ಲೀಡಿಂಗ್' ಎಂದಳು ಶ್ರದ್ಧಾ.

'ಶ್! ಅದು ಚಟ್ನಿ.'

ಅಷ್ಟರಲ್ಲಿ ಗೇಟಿನಿಂದ ವಿಶ್ವನಾಥ ಮತ್ತು ವರ್ಷಿಣಿ ಒಳಗೆ ಬಂದರು. ತಡವಾಗಿ ಬರುತ್ತಾರೆಂದವರು ಹೊತ್ತಿಗೆ ಸರಿಯಾಗಿಯೇ ಬಂದಿದ್ದರು. ತಡವಾದದ್ದು ಕೇಕ್; ದ್ವಾರಕಾನಾಥರ ದೊಡ್ಡ ಗಿರಾಕಿಯೊಬ್ಬ ಇನ್ನೂ ಬರುವುದಿತ್ತು, ಅವನಿಲ್ಲದೆ ಕತ್ತರಿಸುವಂತಿರಲಿಲ್ಲ. ವರ್ಷಿಣಿ ಗಿಳಿಹಸಿರು ಸೀರೆ ಉಟ್ಟಿದ್ದಳು. ಅವಳ ಕಣ್ಣು ಕೆಂಪು ಮನೆ, ಹಳದಿ ಮನೆ, ಗೋಪುರ ಎಲ್ಲವನ್ನೂ ದಾಟಿ ಜನರ ಮುಖಗಳನ್ನು ಒಂದೊಂದಾಗಿ ಹುಡುಕುತ್ತಿತ್ತು. ಯಾರ ಮುಖವನ್ನೆಂದು ಯಶವಂತನಿಗೆ ಗೊತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಯಾರೋ ಅವನನ್ನು ಹುಡುಕುತ್ತಿದ್ದರು, ಅವನು ಎಲ್ಲರಿಗಿಂತ ಎತ್ತರದಲ್ಲಿ ನಿಂತಿದ್ದ.

ವಿಶ್ವನಾಥರು ಪಾನಿಪುರಿಯ ಮನೆಯ ಮುಂದೆ, ಪೀಠದ ಪಕ್ಕದಲ್ಲೇ, ಮೇಡಂ ಅವರನ್ನು ಹಿಡಿದರು. 'ಎಲ್ಲಿ ಲೀಲಾ ಅವರೇ, ನಮ್ಮ ಹುಡುಗ?'

'ಇಲ್ಲೇ ಇದ್ದ... ಇರಿ, ಬರ್ತಾನೆ.'

ಸ್ವಲ್ಪ ಹೊತ್ತಾಯಿತು. ಮತ್ತೆ ಕೇಳಿದರು. 'ಐಸ್ ತರೋಕೆ ಹೋಗಿದಾನೆ' ಎಂದರು ಮೇಡಂ. ಮೂರನೇ ಸಲ ಕೇಳುವ ಹೊತ್ತಿಗೆ ಮೇಡಂ ಅವರ ಅಕ್ಕನ ಮಗ ಅಮೋಘ್, ಟೆಲಿಕಾಂ ಕಂಪನಿಯ ಪೋಸ್ಟಿಂಗ್ ಮೇಲೆ ಬಂದು ತಿಂಗಳೂ ಆಗದವನು, ಅವರ ಪಕ್ಕದಲ್ಲಿ ನಿಂತು ವರ್ಷಿಣಿಗೆ ಜ್ಯೂಸ್ ಕೊಡುತ್ತಿದ್ದ. ಮೇಡಂ ಆ ಜ್ಯೂಸಿನ ಲೋಟವನ್ನು ನೋಡಿದರು. ಅವರ ಮುಖದ ಮೇಲೆ ಏನೋ ಹೊಳೆದದ್ದು ಮೇಲಿನಿಂದ ಚೆನ್ನಾಗಿ ಕಾಣಿಸಿತು.

'ನಿಮ್ಮ ಹತ್ರ ಮುಚ್ಚಿಡೋದೇನು ವಿಶ್ವನಾಥ್ ಅವರೇ' ಎಂದರು ದನಿ ಇಳಿಸಿ. 'ಬರ್ತೀನಿ ಅಂದಿದ್ದ. ಬಂದಿಲ್ಲ. ಫೋನೂ ಎತ್ತುತ್ತಿಲ್ಲ. ಕೆಟ್ಟವನಲ್ಲ, ಪಾಪ. ಆದ್ರೆ ಜವಾಬ್ದಾರಿ ಅನ್ನೋದು... ಏನೋ ನಾವು ಪರ್ಮಿಟ್ ಮಾಡಿಸಿ ಇಟ್ಕೊಂಡಿದೀವಿ ಅಂತ ನಿಂತಿದಾನೆ. ನಿಮ್ಮ ಮಗಳಿಗೆ ಅಂಥವನು ಯಾಕೆ ಹೇಳಿ? ಇವನು ನಮ್ಮ ಅಮೋಘ್. ಪರಿಚಯ ಆಯ್ತಾ?'

ವಿಶ್ವನಾಥರು ಪಾನಿಪುರಿ ನುಂಗಿ, ತುಟಿ ಒರೆಸಿಕೊಂಡು, ನಿಧಾನವಾಗಿ ಹೇಳಿದರು. 'ನನಗೆ ಸಂಬಳ ಮುಖ್ಯ ಅಲ್ಲ ಲೀಲಾ ಅವರೇ. ನಾನೂ ಕ್ಲರ್ಕ್ ಆಗಿ ಶುರು ಮಾಡಿದೋನು. ಆದ್ರೆ ಕರೆದಾಗ ಎದುರಿಗೆ ಬಂದು ನಿಲ್ಲದೇ ಇರೋನಿಗೆ ಮಗಳನ್ನ ಹೆಂಗೆ ಕೊಡೋದು?'

ಒಂದು ಮಾತು ಸಾಕಿತ್ತು. ಸರ್, ನಾನಿಲ್ಲೇ ಇದೀನಿ. ಯಶವಂತ ಅದನ್ನು ನಾಲಿಗೆಯ ತುದಿಗೆ ತಂದ, ಹಿಂದಕ್ಕೆ ತೆಗೆದುಕೊಂಡ, ಮತ್ತೆ ತಂದ. ಹೇಳಿದರೆ ಪರ್ಮಿಟ್ ಹೋಗುತ್ತದೆ. ಹೋದರೆ ಮಂಡ್ಯ. ಮಂಡ್ಯಕ್ಕೆ ಹೋದವನಿಗೆ ಇವರು ಹುಡುಗಿ ಕೊಡುವರೇ? ಹೇಳದಿದ್ದರೆ ಪರ್ಮಿಟ್ ಉಳಿಯುತ್ತದೆ, ಹುಡುಗಿ ಹೋಗುತ್ತಾಳೆ. ಆದರೆ ಆಮೇಲೆ ಫೋನು ಮಾಡಿ ವಿವರಿಸಬಹುದಲ್ಲ? ಏನೆಂದು? ನಾನು ನಿಮ್ಮ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡೆ ಎಂದೇ? ಹೀಗೆ ತಕ್ಕಡಿ ತೂಗುತ್ತಾ ಅವನು ನಿಂತಿದ್ದ. ಮುಸ್ಯೋಕ ಇಷ್ಟೆಲ್ಲ ತೂಗಿರಲಿಲ್ಲ; ಚೀಲ ಹೆಗಲಿಗೇರಿಸಿದ್ದ.

ಮೇಡಂ ವಿಶ್ವನಾಥರನ್ನು ದೋಸೆಯ ಕಡೆಗೆ ಕರೆದೊಯ್ದರು. ಅಮೋಘ್ ಪೀಠದ ಮುಂದೆ ವರ್ಷಿಣಿಯ ಜೊತೆ ಸೆಲ್ಫಿ ತೆಗೆದುಕೊಂಡು, 'ಪಾನಿಪುರಿ ತರ್ಲಾ? ಸ್ಪೈಸಿ?' ಎಂದು ಹೋದ. ಅವಳು ಒಬ್ಬಳೇ ಉಳಿದಳು. ಸುಮ್ಮನೆ ಕತ್ತೆತ್ತಿ ನೋಡಿದಳು: ಹ್ಯಾಟು, ಕೋಟು, ಸರಳು. ಸರಳಿನ ಬಳಿ ಅವಳ ಕಣ್ಣು ನಿಂತಿತು.

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

'ಯಶವಂತ್?'

ಸರಳಿನ ಸುತ್ತ ನಾಲ್ಕು ಬೆರಳು ಇನ್ನಷ್ಟು ಬಿಗಿದವು.

'ನೀವೇ ಅಲ್ವಾ? ಆ ಬೆರಳು ಇನ್ಯಾರಿಗೂ ಇರಕ್ಕೆ ಸಾಧ್ಯ ಇಲ್ಲ.' ಅವಳ ತುಟಿಯಲ್ಲಿ ನಗು ಬಂದು, ಅಂಗೈಯ ರಕ್ತ ಕಂಡು, ನಿಂತುಹೋಯಿತು. 'ಅಯ್ಯೋ. ಇದೇನ್ರೀ ಇದು? ಯಾರು ಮಾಡಿದ್ದು? ಲೀಲಾ ಆಂಟಿ ನೋಡಿದ್ರೆ ನೀವು ಬಂದೇ ಇಲ್ಲ ಅಂತಿದಾರೆ.'

ಅವನು ಅವಳ ತಲೆಯ ಮೇಲಿನಿಂದ ಗೋಪುರದ ಗಡಿಯಾರವನ್ನು ನೋಡುತ್ತಿದ್ದ. ಟೇಪಿನ ಒಂದು ಮೂಲೆ ಬಿಟ್ಟುಕೊಂಡಿತ್ತು. ಗಡಿಯಾರದ ಕೆಳಗೆ ದ್ವಾರಕಾನಾಥರು ಗ್ಲಾಸು ಹಿಡಿದು ನಿಂತು ಇತ್ತಲೇ ನೋಡುತ್ತಿದ್ದರು.

'ಅಪ್ಪ ಅಲ್ಲೇ ಇದಾರೆ' ಎಂದಳು ವರ್ಷಿಣಿ ಅವಸರವಾಗಿ. 'ಇಳೀರಿ. ನಾನೇ ಕರ್ಕೊಂಡು ಹೋಗ್ತೀನಿ, ಹಿಂಗೇ, ಈ ಬಣ್ಣದ ಜೊತೆಗೇ. ಅಪ್ಪ ನಗ್ತಾರೆ ಅಷ್ಟೇ. ನಗೋರು ಒಳ್ಳೆಯವರು ಕಣ್ರೀ. ಬನ್ನಿ.'

ದ್ವಾರಕಾನಾಥರು ಗ್ಲಾಸನ್ನು ತುಟಿಗೆ ತಂದರು, ಕುಡಿಯಲಿಲ್ಲ.

'ಮಾತಾಡಬೇಡಿ, ಹೋಗ್ಲಿ. ಒಂದ್ಸಲ ಕಣ್ಣು ಮಿಟುಕಿಸಿ. ನಂಗಷ್ಟು ಸಾಕು.'

ಯಾವ ಮನುಷ್ಯನಿಗಾದರೂ ಕಣ್ಣು ತಾನಾಗಿಯೇ ಮಿಟುಕುತ್ತದೆ. ಅದಕ್ಕೆ ಧೈರ್ಯ ಬೇಕಿಲ್ಲ, ಪರ್ಮಿಟ್ ಬೇಕಿಲ್ಲ. ಅದನ್ನು ತಡೆಯುವುದಕ್ಕೆ ಬೇಕು ಶಕ್ತಿ. ಯಶವಂತ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಆ ಎರಡು ಕಣ್ಣುಗಳನ್ನು ತೆರೆದು ಹಿಡಿದ. ಬಣ್ಣ ಕಣ್ಣಿಗಿಳಿದು ಉರಿಯಿತು. ನೀರು ತುಂಬಿ ಅವಳ ಮುಖ ಕಲಸಿಹೋಯಿತು. ಒಂದು ಹನಿ ಗಲ್ಲದ ಮೇಲೆ ಬೂದು ಗೆರೆ ಎಳೆಯುತ್ತಾ ಇಳಿಯಿತು. ಅವನು ಮಿಟುಕಿಸಲಿಲ್ಲ.

ವರ್ಷಿಣಿ ಅಷ್ಟು ಹೊತ್ತೂ ಕಾದಳು. ಆಮೇಲೆ ಅವಳ ಭುಜ ಸಡಿಲವಾಯಿತು.

'ನೀವು ನಿಜ ಹೇಳೋರು ಅಂದ್ಕೊಂಡಿದ್ದೆ' ಎಂದಳು.

ಪರ್ಸಿನಲ್ಲಿ ತಡಕಾಡಿ ಒಂದು ನಾಣ್ಯ ತೆಗೆದಳು. ಬಗ್ಗಿ, ಎಸೆಯದೆ, ತಾಮ್ರದ ತಟ್ಟೆಯಲ್ಲಿ ಇಟ್ಟಳು. ಟಣ್ ಎಂದಿತು.

ಅವನ ಕೈ ಮೇಲಕ್ಕೆ ಹೋಯಿತು, ಹ್ಯಾಟು ತೆಗೆಯಿತು, ಸೊಂಟ ಬಗ್ಗಿತು. ಬಗ್ಗಿದಲ್ಲಿ ಅವಳ ಸೀರೆಯ ಅಂಚು, ಚಪ್ಪಲಿ ಕಂಡವು. ಚಪ್ಪಲಿ ತಿರುಗಿ ಹುಲ್ಲಿನ ಮೇಲೆ ದೂರವಾಯಿತು. ದೋಸೆಯ ಮನೆಯ ಕಡೆಯಿಂದ ವಿಶ್ವನಾಥರ ದನಿ ಬಂತು: 'ಹುಡುಗ ಬಂದನೇನಮ್ಮ?'

'ನೋಡಿದ್ದಾಯ್ತಪ್ಪ' ಎಂದಳು ವರ್ಷಿಣಿ. 'ನಡೀರಿ, ಹೋಗೋಣ.'

ಕೇಕ್ ಕತ್ತರಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇಳಿಯಲು ನೋಡಿದಾಗ ಯಶವಂತನ ಮೊಣಕಾಲು ಮಡಚಲಿಲ್ಲ; ಒಟಿಯೆನೊ ಎತ್ತಿ ಇಳಿಸಿದ, ಹಲಗೆ ಇಳಿಸುವ ಹಾಗೆ. ಅತಿಥಿಗಳ ಕೋಣೆಯಲ್ಲಿ ಪೆಟ್ರೊನಿಲ್ಲಾ ಬ್ರಷ್ಷುಗಳನ್ನು ತೊಳೆಯುತ್ತಾ ಕಾಯುತ್ತಿದ್ದರು. ಕೊಬ್ಬರಿ ಎಣ್ಣೆ ಸುರಿದು ತಿಕ್ಕತೊಡಗಿದರು. ಇಸ್ತ್ರಿ ಮಾಡಿದ ಜುಬ್ಬಾ ಬಾಗಿಲ ಮೇಲೆ ಹ್ಯಾಂಗರಿನಲ್ಲಿ ತೂಗುತ್ತಿತ್ತು.

'ಬಂದಿದ್ರಾ ಅವರು?'

'ಬಂದಿದ್ರು.'

'ಎಂತ ಕೊಟ್ರು? ಒಪ್ಪಿಗೆಯಾ?'

'ಕಾಸು ಕೊಟ್ರು' ಎಂದ ಯಶವಂತ.

ಪೆಟ್ರೊನಿಲ್ಲಾ ಬಾಯಿ ಇನ್ನಷ್ಟು ಗಟ್ಟಿಯಾಗಿ ತಿಕ್ಕಿದರು. ಬಣ್ಣ ಹೇಳಿದ ಹಾಗೆಯೇ ಚರ್ಮದೊಟ್ಟಿಗೆ ಬಂತು.

ಸೋಮವಾರ ಅವನು ಕಿವಿಯ ಹಿಂದೆ ಬೆಳ್ಳಿ ಉಳಿಸಿಕೊಂಡೇ ಆಫೀಸಿಗೆ ಹೋದ. ಅಂಗೈಗೆ ಪಟ್ಟಿ ಕಟ್ಟಿದ್ದ. ಬೆಳಿಗ್ಗೆ ವರ್ಷಿಣಿಗೆ ಒಂದು ಮೆಸೇಜು ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದ್ದ. ಅದು ತಲುಪಲೇ ಇಲ್ಲ, ಅವಳು ಅವನ ನಂಬರನ್ನು ಬ್ಲಾಕ್ ಮಾಡಿದ್ದಳು. ದ್ವಾರಕಾನಾಥರು ಅವನನ್ನು ಕ್ಯಾಬಿನ್ನಿಗೆ ಕರೆದರು. ಪರ್ಮಿಟ್ಟಿನ ಫೈಲು ಅವರು ಹೇಳಿದ ಜಾಗದಲ್ಲೇ, ಮೇಜಿನ ಮೇಲೆಯೇ, ಅವರ ಕಾಫಿ ಲೋಟದ ಕೆಳಗೆ ಇತ್ತು.

'ವೆರಿ ಪ್ರೊಫೆಷನಲ್ ಯಶವಂತ್. ನಾನು ನೋಡ್ತಾನೇ ಇದ್ದೆ. ಆ ಹುಡುಗಿ ಅಷ್ಟು ಮಾತಾಡಿಸಿದ್ರೂ ನೀನು ಅಲ್ಲಾಡಲಿಲ್ಲ.'

'ಥ್ಯಾಂಕ್ಯೂ ಸರ್.'

'ನಮ್ಮ ದೊಡ್ಡ ಕ್ಲೈಂಟ್ ಫುಲ್ ಫ್ಲಾಟ್ ಆಗೋಗಿದಾರೆ. ಶನಿವಾರ ಅವರ ಮಗಳ ಬರ್ತ್‌ಡೇಗೆ ಆ ಇಡೀ ಸ್ಕ್ವೇರ್ ಬೇಕಂತೆ. ಆ ಬೆಲ್ಜಿಯಂ ಕಲಾವಿದ ಇನ್ನೂ ಊರಲ್ಲಿದಾರಾ ಅಂತ ಕೇಳಿದ್ರು. ಇದಾರೆ ಅಂದೆ.'

'ಸರ್, ಪರ್ಮಿಟ್...'

'ಶನಿವಾರ ಮುಗೀಲಿ, ಕೂತು ನೋಡೋಣ.' ಹಾಗೆನ್ನುತ್ತಾ ಅವರು ಕಾರಿನ ಕೀಲಿಯನ್ನು ಮೇಜಿನ ಗಾಜಿನ ಮೇಲೆ ಅವನತ್ತ ಎಸೆದರು, ಸರ್ವಿಸ್‌ಗೆ ಬಿಡಬೇಕಿತ್ತು.

ಟಣ್ ಎಂದಿತು.

ಯಶವಂತನ ಬಲಗೈ ತಲೆಯ ಕಡೆಗೆ ಹೋಯಿತು. ಅಲ್ಲಿ ಹ್ಯಾಟು ಇರಲಿಲ್ಲ. ಅಷ್ಟರಲ್ಲಿ ಸೊಂಟ ಬಗ್ಗಿಯೂ ಆಗಿತ್ತು. ಏನಾಯಿತೆಂದು ತಿಳಿದು, ಎಂದಿನ ಅಭ್ಯಾಸದಂತೆ ತಾನೇ ಮೊದಲು ನಕ್ಕುಬಿಡೋಣವೆಂದು ಮುಖವೆತ್ತಿದ. ಆದರೆ ದ್ವಾರಕಾನಾಥರು ಆಗಲೇ ನಗುತ್ತಿದ್ದರು.